ಬೇಕೇಶಿಯ ಶ್ರವಣಸಂಶೋಧನೆ: ಒಂದು ವಿಮರ್ಶೆ

ವಿಜ್ಞಾನಿಯೊಬ್ಬನ ಕೃತಿಯನ್ನು ಇತಿಹಾಸದ ಅಧ್ಯಾಪಕರಾದ ನಾವು ವಿಮರ್ಶಿಸಲು ಹೊರಡುವುದು ಅನಧಿಕಾರ ಪ್ರವೇಶವೆಂದು ಕೆಲವರಿಗೆ ತೋರಬಹುದು. ಆದರೆ ಆಧಾರವನ್ನು ಪರೀಕ್ಷಿಸದೆ ನಿರ್ಣಯವನ್ನು ಒಪ್ಪಬಾರದೆಂಬ ನಿಯಮ ಎರಡು ಶಾಸ್ತ್ರಗಳಿಗೂ ಸಮಾನವಾದುದು. ಗಿಯೋರ್ಗ್ ಫಾನ್ ಬೇಕೇಶಿಯ ಲೇಖನಗಳನ್ನು ಇ. ಜಿ. ವೀವರ್ ಇಂಗ್ಲಿಷಿನಲ್ಲಿ ಸಂಪಾದಿಸಿ 1960ರಲ್ಲಿ ಹೊರತಂದ ‘ಎಕ್ಸ್‌ಪೆರಿಮೆಂಟ್ಸ್ ಇನ್ ಹಿಯರಿಂಗ್’ ಗ್ರಂಥವನ್ನು ಈ ನಿಯಮದಿಂದಲೇ ನೋಡಬೇಕಾಗಿದೆ.

1899ರಲ್ಲಿ ಬುಡಾಪೆಸ್ಟಿನಲ್ಲಿ ಜನಿಸಿದ ಬೇಕೇಶಿ, 1923ರಲ್ಲಿ ಡಾಕ್ಟರೇಟ್ ಪಡೆದು ಹಂಗೇರಿಯ ಅಂಚೆ ಇಲಾಖೆಯ ಪ್ರಯೋಗಶಾಲೆಯಲ್ಲಿ ದುಡಿದನು. ಟೆಲಿಫೋನನ್ನು ಸುಧಾರಿಸಬೇಕಾದರೆ ಕಿವಿಯ ಸಾಮರ್ಥ್ಯ ಎಷ್ಟೆಂಬುದು ತಿಳಿಯಬೇಕಷ್ಟೆ. ಈ ವ್ಯಾವಹಾರಿಕ ಪ್ರಶ್ನೆಯೇ ಅವನ ಜೀವಿತಕಾರ್ಯಕ್ಕೆ ಮೂಲವಾಯಿತು. ಶವಗಳ ಒಳಗಿವಿಯ ಶಂಖವನ್ನು ತೆರೆದು, ಪೊರೆಯ ಮೇಲೆ ಬೆಳ್ಳಿಯ ಕಣಗಳನ್ನು ಉದುರಿಸಿ, ಮಿನುಗುಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ಅದರ ಕಂಪನವನ್ನು ಅವನು ಕಂಡನು. ಶಬ್ದವು ಅಲೆಯಾಗಿ ಶಂಖದ ಬುಡದಿಂದ ತುದಿಯ ಕಡೆಗೆ ಚಲಿಸುವುದೆಂದೂ, ಉಚ್ಚಸ್ವರದ ಅಲೆ ಬುಡದ ಬಳಿಯಲ್ಲಿ, ಮಂದ್ರಸ್ವರದ ಅಲೆ ತುದಿಯ ಬಳಿಯಲ್ಲಿ ಗರಿಷ್ಠವಾಗುವುದೆಂದೂ ಸಿದ್ಧವಾಯಿತು. 1946ರಲ್ಲಿ ಸ್ವೀಡನ್ನಿಗೂ 1947ರಲ್ಲಿ ಹಾರ್ವರ್ಡಿಗೂ ತೆರಳಿದ ಅವನಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಗ್ರಂಥದ ಮೇಲೆ ನಮ್ಮ ಮೊದಲ ಆಕ್ಷೇಪಣೆ ಅದರ ಜೋಡಣೆಯದು. ಲೇಖನಗಳನ್ನು ಕಾಲಕ್ರಮ ಬಿಟ್ಟು ವಿಷಯಾನುಸಾರವಾಗಿ ಸೇರಿಸಿರುವುದರಿಂದ, 1928ರಲ್ಲಿ ಆರಂಭವಾದ ವಿಚಾರ ಹೇಗೆ ಬೆಳೆಯಿತು, ಎಲ್ಲಿ ತಿರುಗಿತು ಎಂಬುದು ವಾಚಕನಿಗೆ ಮರೆಯಾಗುತ್ತದೆ. ಶಾಸ್ತ್ರವು ಒಮ್ಮೆಲೇ ಪೂರ್ಣವಾಗಿ ಮೂಡಿತೆಂಬ ಭ್ರಮೆಗೆ ಇದು ಎಡೆಗೊಡುತ್ತದೆ.

ಎರಡನೆಯದು ಹೆಚ್ಚು ಗುರುತರವಾದುದು. ಬೇಕೇಶಿ ಕಂಡ ಅಲೆಯ ಶಿಖರ ಬಹು ಅಗಲವಾಗಿತ್ತು. ಆದರೆ ನಮ್ಮ ಕಿವಿ ಅತ್ಯಲ್ಪ ಸ್ವರಭೇದವನ್ನೂ ಗುರುತಿಸಬಲ್ಲುದು. ಈ ಅಂತರವನ್ನು ತುಂಬಲು ಅವನು ನರಗಳ ಪರಸ್ಪರ ನಿರೋಧವನ್ನು ಆಶ್ರಯಿಸಿದನು. ಕಿವಿಯೇ ಶಕ್ತಿಯನ್ನು ಒದಗಿಸಿ ಕಂಪನವನ್ನು ವರ್ಧಿಸುವುದೆಂದು ಥಾಮಸ್ ಗೋಲ್ಡ್ 1948ರಲ್ಲಿಯೇ ಸೂಚಿಸಿದ್ದರೂ ಆ ಮಾತಿಗೆ ಬಹುಕಾಲ ಮನ್ನಣೆ ದೊರೆಯಲಿಲ್ಲ. 1971ರಲ್ಲಿ ವಿಲಿಯಂ ರೋಡ್ ಜೀವಂತ ಕೋತಿಗಳ ಕಿವಿಯನ್ನು ಅಳೆದಾಗ, ಕ್ಷೀಣಶಬ್ದಕ್ಕೆ ಪೊರೆಯ ಸ್ಪಂದನ ಪ್ರಮಾಣದಲ್ಲಿ ಹೆಚ್ಚೆಂಬುದು ತಿಳಿಯಿತು. ಪ್ರಾಣ ಹೋದೊಡನೆ ಈ ಗುಣವೂ ಹೋಗುವುದೆಂಬುದು ಅನಂತರ ಗೊತ್ತಾಯಿತು. 1978ರಲ್ಲಿ ಡೇವಿಡ್ ಕೆಂಪ್, ಕಿವಿಯೇ ಶಬ್ದವನ್ನು ಹೊರಸೂಸುವುದೆಂದು ತೋರಿಸಿದನು. ಇಂದು ನವಜಾತ ಶಿಶುಗಳ ಶ್ರವಣಪರೀಕ್ಷೆಗೆ ಈ ಶೋಧವೂ ಒದಗಿಬಂದಿದೆ. ಹೊರಸಾಲಿನ ರೋಮಕೋಶಗಳು ತಮ್ಮ ಉದ್ದವನ್ನೇ ಬದಲಿಸಬಲ್ಲವೆಂಬುದು 1985ರಲ್ಲಿ ಪ್ರಕಟವಾಯಿತು.

ಹಾಗಾದರೆ ಬೇಕೇಶಿ ತಪ್ಪಿದನೇ? ಹಾಗೆನ್ನುವುದು ಅವಿಚಾರ. ಚಲಿಸುವ ಅಲೆ ಇಂದಿಗೂ ನಿಂತಿದೆ. ತಾನು ಯಾವ ಕಿವಿಯನ್ನು, ಎಷ್ಟು ತೀವ್ರವಾದ ಶಬ್ದದಿಂದ ನೋಡಿದೆನೆಂಬುದನ್ನು ಅವನು ಮರೆಮಾಚಲಿಲ್ಲ; ಆದುದರಿಂದಲೇ ಮುಂದಿನವರು ತಿದ್ದಲು ಸಾಧ್ಯವಾಯಿತು. ಸಂಶೋಧಕನಿಗೆ ಸ್ನೇಹಿತನಿಗಿಂತಲೂ ತಪ್ಪು ಹುಡುಕುವ ಶತ್ರು ಮೇಲೆಂಬ ಅರ್ಥದ ಮಾತನ್ನು ಅವನೇ ಈ ಗ್ರಂಥದ ಆದಿಯಲ್ಲಿ ಆಡಿರುವನು.

ದೋಷವಿರುವುದು ಮುಖ್ಯವಾಗಿ ನಮ್ಮ ಬೋಧನೆಯಲ್ಲಿ. 1961ರ ಗೌರವವನ್ನು ಹೇಳಿ 1971ರ ತಿದ್ದುಪಡಿಯನ್ನು ಬಿಟ್ಟರೆ, ಮೃತವಾದ ಕಿವಿಯ ಸಾಕ್ಷ್ಯವನ್ನೇ ಜೀವಂತವಾದುದರ ಸಾಕ್ಷ್ಯವೆಂದು ವಿದ್ಯಾರ್ಥಿಗಳಿಗೆ ಒಪ್ಪಿಸಿದಂತಾಗುತ್ತದೆ. ಶಾಸನವೊಂದನ್ನು ಓದಿಸುವಾಗ ಅದರ ಶಿಲೆಯ ಸ್ಥಿತಿಯನ್ನೂ ಹೇಳುವ ನಾವು, ಇಲ್ಲಿಯೂ ಅಷ್ಟೇ ಎಚ್ಚರವಾಗಿರಬೇಕು.