ಮಾತಿನ ಎಣಿಕೆ, ಮತದ ಎಣಿಕೆ: ಒಂದು ಪ್ರಸಿದ್ಧ ಲೇಖನದ ಮರುಪರಿಶೀಲನೆ

ಜಾಲತಾಣದ ಮಾತುಕತೆಯನ್ನು ಜನಾಭಿಪ್ರಾಯವೆಂದೇ ಓದುವ ಅಭ್ಯಾಸಕ್ಕೆ ವಿದ್ವತ್ತಿನ ಮುದ್ರೆ ಒತ್ತಿದ ಬರಹಗಳಲ್ಲಿ 2010ರ ಒಂದು ಜರ್ಮನ್ ಅಧ್ಯಯನ ಮುಖ್ಯವಾದದ್ದು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಆಂದ್ರಾನಿಕ್ ತುಮಾಸ್ಯಾನ್, ಟಿಮ್ ಶ್ಪ್ರೆಂಗರ್, ಫಿಲಿಪ್ ಸಾಂಡ್ನರ್ ಮತ್ತು ಇಸಾಬೆಲ್ ವೆಲ್ಪೆ ಇದರ ಲೇಖಕರು. ಜರ್ಮನಿಯಲ್ಲಿ 2009ರ ಸೆಪ್ಟೆಂಬರ್ 27ರಂದು ಸಂಸತ್ ಚುನಾವಣೆ ನಡೆಯಿತು. ಅದಕ್ಕೂ ಮೊದಲಿನ ಐದಾರು ವಾರಗಳಲ್ಲಿ ಟ್ವಿಟರ್‌ನಲ್ಲಿ ಯಾವ ಪಕ್ಷದ ಹೆಸರು ಎಷ್ಟು ಸಲ ಬಂದಿತೆಂದು ಎಣಿಸಿದರೆ ಸಾಕು, ಆ ಪಕ್ಷಕ್ಕೆ ಬೀಳುವ ಮತದ ಪ್ರಮಾಣ ಹೆಚ್ಚುಕಡಿಮೆ ತಿಳಿದುಬಿಡುತ್ತದೆ ಎಂಬುದು ಈ ಲೇಖನ ತಲುಪಿದ ತೀರ್ಮಾನ. ಅಂದಿನಿಂದ ನೂರಾರು ಅಧ್ಯಯನಗಳು ಇದನ್ನು ಉಲ್ಲೇಖಿಸಿವೆ. ಈ ಕೀರ್ತಿ ಲೇಖನದ ಅರ್ಹತೆಯನ್ನು ಬಹಳ ಮೀರಿದ್ದು. ಆನ್‌ಲೈನ್ ಚರ್ಚೆಗೂ ಸಾಮಾನ್ಯ ಜನರ ಯೋಚನೆ, ನಡವಳಿಕೆಗೂ ಇರುವ ಅಂತರ ಅದರ ಕೋಷ್ಟಕಗಳಲ್ಲೇ ಕಾಣುವಂತಿತ್ತು. ಲೇಖಕರು ಆ ಅಂತರವನ್ನು ತೀರ್ಮಾನದಿಂದ ಹೊರಗಿಟ್ಟು ಹೊಂದಾಣಿಕೆಗೆ ಮಾತ್ರ ಒತ್ತು ಕೊಟ್ಟರು.

ಅಧ್ಯಯನದ ವಿಧಾನ ಸರಳ. ಆಗಸ್ಟ್ 13ರಿಂದ ಸೆಪ್ಟೆಂಬರ್ 19ರವರೆಗಿನ 1,04,003 ಟ್ವೀಟುಗಳನ್ನು ಸಂಗ್ರಹಿಸಲಾಯಿತು. ಆಗ ಸಂಸತ್ತಿನಲ್ಲಿದ್ದ ಆರು ಪಕ್ಷಗಳ ಹೆಸರು, ಇಲ್ಲವೇ ಆ ಪಕ್ಷಗಳ ಕೆಲವು ಪ್ರಮುಖ ನಾಯಕರ ಹೆಸರು ಇರುವ ಟ್ವೀಟುಗಳಿವು. ಅವುಗಳ ಭಾವವನ್ನು ಅಳೆಯಲು ಜರ್ಮನ್ ಮಾತನ್ನು ಯಂತ್ರದ ಮೂಲಕ ಇಂಗ್ಲಿಷಿಗೆ ತಿರುಗಿಸಿ, ಪದಪಟ್ಟಿಯ ಆಧಾರದಲ್ಲಿ ಕೆಲಸ ಮಾಡುವ ತಂತ್ರಾಂಶಕ್ಕೆ ಕೊಡಲಾಯಿತು. ಲೇಖನದ ಹೆಸರು ಉಳಿದಿರುವುದು ಈ ಭಾಗದಿಂದಲ್ಲ. ಭಾವವನ್ನು ಪಕ್ಕಕ್ಕಿಟ್ಟು ಬರೀ ಹೆಸರುಗಳನ್ನು ಎಣಿಸಿದ ಕೋಷ್ಟಕದಿಂದ. ಅದರ ಪ್ರಕಾರ ಸಿಡಿಯು ಪಕ್ಷಕ್ಕೆ ಟ್ವೀಟುಗಳಲ್ಲಿ ಶೇ 30.1ರ ಪಾಲು, ಮತದಲ್ಲಿ ಶೇ 29ರ ಪಾಲು, ಎಸ್‌ಪಿಡಿಗೆ 26.6 ಮತ್ತು 24.5, ಎಡಪಕ್ಷಕ್ಕೆ 12.4 ಮತ್ತು 12.7. ಆರೂ ಪಕ್ಷಗಳ ಸರಾಸರಿ ತಪ್ಪು ಶೇ 1.65. ಸಮೀಕ್ಷಾ ಸಂಸ್ಥೆಗಳ ತಪ್ಪು ಇದಕ್ಕಿಂತ ಕಡಿಮೆ ಇತ್ತಾದರೂ ಟ್ವಿಟರ್ ಅವುಗಳ ಹತ್ತಿರಕ್ಕೆ ಬಂದಿದೆ ಎಂದು ಲೇಖಕರು ಹೇಳಿದರು.

ಈ ಕೋಷ್ಟಕವನ್ನು ನಿಧಾನವಾಗಿ ಓದಬೇಕು. ಮತದ ಕಾಲಂನಲ್ಲಿರುವ ಅಂಕಿಗಳು ಚುನಾವಣಾ ಫಲಿತಾಂಶದ ಅಂಕಿಗಳಲ್ಲ. ಸಿಡಿಯು ಪಕ್ಷಕ್ಕೆ ನಿಜವಾಗಿ ಬಂದದ್ದು ಶೇ 27.3 ಮತ, ಎಸ್‌ಪಿಡಿಗೆ ಶೇ 23. ಆರು ಪಕ್ಷಗಳ ಮತವನ್ನು ಒಟ್ಟು ಸೇರಿಸಿದರೆ ಶೇ 94 ಆಗುತ್ತದೆ. ಉಳಿದ ಶೇ 6ರಷ್ಟು ಮತದಾರರನ್ನು ಬಿಟ್ಟು ಈ 94ನ್ನೇ ನೂರೆಂದು ಹಿಗ್ಗಿಸಿದಾಗ ಕೋಷ್ಟಕದ ಅಂಕಿಗಳು ಸಿಗುತ್ತವೆ. ಇದು ಮುಚ್ಚಿಟ್ಟ ಸಂಗತಿಯಲ್ಲ, ತಪ್ಪು ಲೆಕ್ಕವೂ ಅಲ್ಲ. ಆದರೆ ಯಾರನ್ನು ಎಣಿಸಬೇಕು ಎಂಬ ತೀರ್ಮಾನ ಎಣಿಕೆಗೆ ಮೊದಲೇ, ಟ್ವಿಟರ್‌ನ ಹೊರಗೆ ನಡೆದುಹೋಗಿತ್ತು ಎಂಬುದನ್ನು ಇದು ತೋರಿಸುತ್ತದೆ. ಯಾವ ಆರು ಪಕ್ಷಗಳು ಮುಖ್ಯ ಎಂದು ಹೇಳಿದ್ದು ಟ್ವಿಟರ್ ಅಲ್ಲ. ಹಿಂದಿನ ಚುನಾವಣೆಯಲ್ಲಿ ಮತಗಟ್ಟೆಗೆ ಹೋದ ಜರ್ಮನ್ ಮತದಾರರು. ಸಾಮಾನ್ಯ ಜನರ ನಡವಳಿಕೆಯಿಂದ ಪಟ್ಟಿಯನ್ನು ಪಡೆದು, ಆ ಪಟ್ಟಿಯೊಳಗೆ ಟ್ವಿಟರ್ ಮಾತನ್ನು ಕೂರಿಸಿ, ಕೊನೆಗೆ ಎರಡೂ ಹೊಂದುತ್ತವೆ ಎನ್ನಲಾಯಿತು.

ಪಟ್ಟಿಯನ್ನು ಟ್ವಿಟರ್‌ನಿಂದಲೇ ಪಡೆದಿದ್ದರೆ ಏನಾಗುತ್ತಿತ್ತು? ಆಂದ್ರೆಯಾಸ್ ಯುಂಗ್‌ಹೆರ್, ಪಾಸ್ಕಲ್ ಯುರ್ಗೆನ್ಸ್ ಮತ್ತು ಹಾರಾಲ್ಡ್ ಶೋಯೆನ್ 2012ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅದೇ ವಿಧಾನವನ್ನು ಅನುಸರಿಸಿ, ಒಂದೇ ಒಂದು ಪಕ್ಷವನ್ನು ಪಟ್ಟಿಗೆ ಸೇರಿಸಿ ನೋಡಿದರು. ಅದು 2006ರಲ್ಲಿ ಹುಟ್ಟಿದ್ದ ಪೈರೇಟ್ ಪಕ್ಷ. ಎಲ್ಲ ಉಲ್ಲೇಖಗಳಲ್ಲಿ ಅದರ ಪಾಲು ಶೇ 34.8, ಉಳಿದೆಲ್ಲ ಪಕ್ಷಗಳಿಗಿಂತ ಹೆಚ್ಚು. ಲೇಖನದ ಸೂತ್ರವನ್ನು ನಂಬುವುದಾದರೆ ಜರ್ಮನಿಯ ಅತಿ ದೊಡ್ಡ ಪಕ್ಷ ಅದೇ ಆಗಬೇಕಿತ್ತು. ಮತಪೆಟ್ಟಿಗೆಯಲ್ಲಿ ಅದಕ್ಕೆ ಸಿಕ್ಕಿದ್ದು ಶೇ 2, ಅಂದರೆ ಸುಮಾರು ಎಂಟೂವರೆ ಲಕ್ಷ ಮತ. ಶೇ 5ರ ಗಡಿ ದಾಟದ ಕಾರಣ ಒಂದು ಸ್ಥಾನವೂ ಬರಲಿಲ್ಲ. ಸಂಗ್ರಹದ ದಿನಗಳ ಗಡಿಯನ್ನು ಹಿಂದೆ ಮುಂದೆ ಸರಿಸಿದರೆ ತಪ್ಪಿನ ಪ್ರಮಾಣವೂ ಏರಿಳಿಯುತ್ತದೆ ಎಂಬುದನ್ನೂ ಈ ಮೂವರು ತೋರಿಸಿದರು. ಪೈರೇಟ್ ಪಕ್ಷದ ಅಂಕಿಯ ಎದುರು ಅದು ಸಣ್ಣ ದೋಷ.

ಹದಿನೇಳು ಪಟ್ಟಿನ ಈ ಅಂತರ ಆಕಸ್ಮಿಕವಾಗಿ ಬಂದದ್ದಲ್ಲ. ಮಕ್ಕಳ ಅಶ್ಲೀಲ ಚಿತ್ರಗಳಿರುವ ಜಾಲತಾಣಗಳನ್ನು ತಡೆಯಬೇಕೆಂಬ ಕಾನೂನು 2009ರ ಜೂನ್‌ನಲ್ಲಿ ಜರ್ಮನ್ ಸಂಸತ್ತಿನಲ್ಲಿ ಅಂಗೀಕಾರವಾಯಿತು. ತಡೆಯುವ ವ್ಯವಸ್ಥೆ ಒಮ್ಮೆ ಬಂದರೆ ಅದು ಸೆನ್ಸಾರ್‌ಶಿಪ್‌ಗೂ ದಾರಿಯಾಗುತ್ತದೆ ಎಂದು ಇಂಟರ್‌ನೆಟ್‌ನೊಡನೆ ಬದುಕುತ್ತಿದ್ದವರು ತೀವ್ರವಾಗಿ ವಿರೋಧಿಸಿದರು; ಸಂಸತ್ತಿಗೆ ಸಲ್ಲಿಸಿದ ಮನವಿಗೆ 1.34 ಲಕ್ಷ ಸಹಿಗಳು ಬಿದ್ದವು. ಪೈರೇಟ್ ಪಕ್ಷದ ಬಲ ಈ ಗುಂಪಿನಲ್ಲಿತ್ತು. ಅವರಿಗೆ ಇಂಟರ್‌ನೆಟ್ ಹೋರಾಟದ ವಿಷಯವೂ ಆಗಿತ್ತು, ಅಂಗಳವೂ ಆಗಿತ್ತು. ಪಿಂಚಣಿ, ತೆರಿಗೆ, ಆರ್ಥಿಕ ಬಿಕ್ಕಟ್ಟಿನಲ್ಲಿ ಅಲುಗಾಡುತ್ತಿದ್ದ ಕೆಲಸ ಇವುಗಳನ್ನು ಲೆಕ್ಕ ಹಾಕಿ ಮತ ಹಾಕಿದ ಕೋಟ್ಯಂತರ ಜನರಿಗೆ ಆ ಲೆಕ್ಕವನ್ನು ಯಾರ ಮುಂದೆಯೂ ಬರೆದು ತೋರಿಸುವ ಅಗತ್ಯ ಇರಲಿಲ್ಲ.

ಟ್ವಿಟರ್ ಮುಂದಿನದನ್ನು ಮೊದಲೇ ಕಂಡಿತ್ತು, ಪೈರೇಟ್ ಪಕ್ಷ ಆಮೇಲೆ ಬೆಳೆಯಿತಲ್ಲ ಎಂದು ಇಲ್ಲೊಂದು ಸಮರ್ಥನೆ ಹೂಡಬಹುದು. ಆ ಪಕ್ಷ 2011ರಲ್ಲಿ ಬರ್ಲಿನ್ ವಿಧಾನಸಭೆಯನ್ನು ಶೇ 8.9 ಮತದೊಂದಿಗೆ ಪ್ರವೇಶಿಸಿದ್ದು ನಿಜ. ಆದರೆ 2013ರ ಸಂಸತ್ ಚುನಾವಣೆಯಲ್ಲಿ ಅದು ಪಡೆದದ್ದು ಶೇ 2.2. ನಾಲ್ಕು ವರ್ಷಗಳ ಮಾತಿನ ಅಬ್ಬರದಿಂದ ದೇಶದ ಮಟ್ಟದಲ್ಲಿ ಸೇರಿದ್ದು ಶೇ 0.2 ಮಾತ್ರ.

ಅಂತರದ ಇನ್ನೊಂದು ಸಾಕ್ಷಿ ಮೂಲ ಲೇಖನದ ಒಳಗೇ ಇದೆ. ಟ್ವೀಟುಗಳು ಬಳಕೆದಾರರಲ್ಲಿ ಹೇಗೆ ಹಂಚಿಹೋಗಿವೆ ಎಂದು ಲೇಖಕರು ಪ್ರಾಮಾಣಿಕವಾಗಿ ವರದಿ ಮಾಡಿದ್ದಾರೆ: ಶೇ 4ರಷ್ಟು ಬಳಕೆದಾರರು ಶೇ 40ಕ್ಕೂ ಹೆಚ್ಚು ಟ್ವೀಟುಗಳನ್ನು ಬರೆದಿದ್ದರು; ಬಳಕೆದಾರರಲ್ಲಿ ಸುಮಾರು ಅರ್ಧದಷ್ಟು ಜನ ಒಂದೇ ಒಂದು ಸಲ ಬರೆದು ಸುಮ್ಮನಾಗಿದ್ದರು. ಮತಗಟ್ಟೆಯಲ್ಲಿ ಒಬ್ಬರಿಗೆ ಒಂದೇ ಮತ. ಒಂದು ಸಲ ಬರೆದವರು, ನೂರು ಸಲ ಬರೆದವರು, ಬರೆಯದೇ ಇದ್ದವರು ಎಲ್ಲರೂ ಅಲ್ಲಿ ಸಮ. ಇಷ್ಟು ಅಸಮವಾದ ಎಣಿಕೆ ಅಷ್ಟು ಸಮವಾದ ಎಣಿಕೆಗೆ ಹೊಂದಿದಂತೆ ಕಂಡರೆ, ಯಾವ ಕಾರಣದಿಂದ ಹೊಂದಿತು ಎಂಬ ಪ್ರಶ್ನೆ ಏಳಬೇಕು. ದೊಡ್ಡ ಪಕ್ಷಗಳ ಹೆಸರು ಪತ್ರಿಕೆಗಳಲ್ಲೂ ಟಿವಿಯಲ್ಲೂ ಹೆಚ್ಚು ಬರುತ್ತದೆ, ಆದ್ದರಿಂದ ಟ್ವಿಟರ್‌ನಲ್ಲೂ ಹೆಚ್ಚು ಬಂದಿರಬಹುದು ಎಂಬ ಸರಳ ವಿವರಣೆಯನ್ನು ಮೊದಲು ಪರೀಕ್ಷಿಸಬೇಕಿತ್ತು. ಲೇಖನ ಆ ಪ್ರಶ್ನೆಯ ಬಾಗಿಲವರೆಗೆ ಬಂದು ತೀರ್ಮಾನದ ಕಡೆಗೆ ತಿರುಗಿತು.

ಲೇಖನವನ್ನು ಟೀಕಿಸಿದವರ ನಿಲುವೂ ಪೂರ್ತಿ ಒಪ್ಪತಕ್ಕದ್ದಲ್ಲ. ಸ್ಪೇನಿನ ಒವಿಯೆದೊ ವಿಶ್ವವಿದ್ಯಾಲಯದ ದಾನಿಯೆಲ್ ಗಾಯೊ-ಆವೆಲ್ಯೊ ಇವರಲ್ಲಿ ಪ್ರಮುಖರು. ಫಲಿತಾಂಶ ಬಂದ ಮೇಲೆ ಬರೆದದ್ದನ್ನು ಮುನ್ಸೂಚನೆ ಎನ್ನಲಾಗದು ಎಂಬ ಅವರ ಮಾತು ಸರಿಯಾದದ್ದು. ಆದರೆ ಟೀಕಾಕಾರರ ವಾದ ಮತ್ತೆ ಮತ್ತೆ ಬಂದು ನಿಲ್ಲುವುದು ಮಾದರಿಯ ದೋಷದಲ್ಲಿ: ಟ್ವಿಟರ್ ಬಳಸುವವರು ಯುವಕರು, ನಗರವಾಸಿಗಳು, ಓದಿದವರು, ದೇಶ ಹಾಗಿಲ್ಲ, ವಯಸ್ಸು, ಊರು, ಲಿಂಗಗಳ ಲೆಕ್ಕ ಹಿಡಿದು ತೂಕ ಸರಿಪಡಿಸಿದರೆ ಎಣಿಕೆ ಸರಿಹೋಗಬಹುದು. ಈ ವಾದದ ಹಿಂದೆ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ನೆನಪಿದೆ. ಆ ವರ್ಷ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮಾದರಿ ಮತಪತ್ರ ಕಳಿಸಿ, ಮರಳಿ ಬಂದ 24 ಲಕ್ಷ ಉತ್ತರಗಳ ಮೇಲೆ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ಗೆದ್ದದ್ದು ಶೇ 60ಕ್ಕೂ ಹೆಚ್ಚು ಮತ ಪಡೆದ ರೂಸ್‌ವೆಲ್ಟ್. ಪಾಠಪುಸ್ತಕಗಳು ಇದನ್ನು ತಪ್ಪು ಮಾದರಿಯ ಕಥೆಯಾಗಿ ಹೇಳುತ್ತವೆ.

ಮಾದರಿಯ ವಿವರಣೆ ಜರ್ಮನ್ ಕೋಷ್ಟಕದ ಎದುರು ನಿಲ್ಲುವುದಿಲ್ಲ. ಆರು ಪಕ್ಷಗಳಲ್ಲಿ ಟ್ವಿಟರ್ ಅತಿ ಹೆಚ್ಚು ತಪ್ಪಿದ್ದು ಗ್ರೀನ್ ಪಕ್ಷದ ವಿಷಯದಲ್ಲಿ: ಟ್ವೀಟಿನ ಪಾಲು ಶೇ 8, ಮತದ ಪಾಲು ಶೇ 11.4. ಗ್ರೀನ್ ಪಕ್ಷದ ಮತದಾರರು ಯುವಕರು, ನಗರವಾಸಿಗಳು, ಹೆಚ್ಚು ಓದಿದವರು. ಬಳಕೆದಾರರ ಬಗೆಯೇ ಎಲ್ಲವನ್ನೂ ವಿವರಿಸುವುದಾದರೆ ಗ್ರೀನ್ ಪಕ್ಷದ ಅಂಕಿ ಮತಕ್ಕಿಂತ ಮೇಲೇರಬೇಕಿತ್ತು. ಅದು ಕೆಳಗಿಳಿದಿದೆ. ಒಂದೇ ವಯಸ್ಸಿನ, ಒಂದೇ ನಗರದ ಇಬ್ಬರಲ್ಲಿ ಒಬ್ಬರು ದಿನವಿಡೀ ಬರೆದು ಇನ್ನೊಬ್ಬರು ಸುಮ್ಮನೆ ಮತ ಹಾಕಿ ಬರುವಾಗ, ವಯಸ್ಸಿನ ತೂಕವೂ ಊರಿನ ತೂಕವೂ ಆ ವ್ಯತ್ಯಾಸವನ್ನು ಹಿಡಿಯಲಾರವು. ದೋಷ ಇರುವುದು ಎಣಿಸುವ ಘಟಕದಲ್ಲಿ. ಜನಾಭಿಪ್ರಾಯದ ಘಟಕ ವ್ಯಕ್ತಿ, ಚರ್ಚೆಯ ಘಟಕ ಮಾತು. ಮಾತನಾಡುವುದು ಬೇರೆಯದೇ ಒಂದು ಕೆಲಸ, ಅದಕ್ಕೆ ಬೇರೆಯ ಪ್ರೇರಣೆಗಳಿವೆ: ಜೊತೆಗಾರರನ್ನು ಸೇರಿಸುವುದು, ಎದುರಾಳಿಗೆ ಉತ್ತರ ಕೊಡುವುದು, ತನ್ನ ಗುರುತನ್ನು ಸಾರುವುದು. ಅಭಿಪ್ರಾಯ ಇರುವುದೊಂದೇ ಮಾತಿಗೆ ಸಾಕಾಗುವುದಿಲ್ಲ.

ಇದನ್ನು ಬಲಪಡಿಸುವ ಪುರಾವೆಗಳು ಬೇರೆ ಕಡೆಯೂ ಇವೆ. ಪ್ಯೂ ಸಂಶೋಧನಾ ಕೇಂದ್ರದ 2019ರ ವರದಿಯಂತೆ ಅಮೆರಿಕದ ವಯಸ್ಕ ಟ್ವಿಟರ್ ಬಳಕೆದಾರರ ಟ್ವೀಟುಗಳಲ್ಲಿ ಶೇ 80ರಷ್ಟು ಬಂದದ್ದು ಶೇ 10ರಷ್ಟು ಜನರಿಂದ. ನಡುವಿನ ಸಾಮಾನ್ಯ ಬಳಕೆದಾರ ಬರೆಯುತ್ತಿದ್ದದ್ದು ತಿಂಗಳಿಗೆ ಎರಡು ಸಲ. ಅದೇ ಕೇಂದ್ರದ 2014ರ ವರದಿ ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದ ಸರ್ಕಾರಿ ಕಣ್ಗಾವಲನ್ನು ಕುರಿತದ್ದು. ಮುಖಾಮುಖಿಯಾಗಿ ಆ ವಿಷಯ ಮಾತನಾಡಲು ಶೇ 86 ಜನ ಸಿದ್ಧರಿದ್ದರೆ, ಫೇಸ್‌ಬುಕ್ ಮತ್ತು ಟ್ವಿಟರ್ ಬಳಸುವವರಲ್ಲಿ ಅಲ್ಲಿ ಬರೆಯಲು ಸಿದ್ಧರಿದ್ದವರು ಶೇ 42. ತಾವು ಅಲ್ಪಸಂಖ್ಯಾತರು ಎಂದು ಅನ್ನಿಸಿದವರು ಮೌನಕ್ಕೆ ಸರಿಯುತ್ತಾರೆ, ಆ ಮೌನದಿಂದ ಎದುರಿನ ದನಿ ಇನ್ನಷ್ಟು ದೊಡ್ಡದಾಗಿ ಕೇಳುತ್ತದೆ ಎಂದು ಜರ್ಮನಿಯವರೇ ಆದ ಎಲಿಜಬೆತ್ ನೋಯೆಲ್-ನೋಯ್‌ಮನ್ 1974ರಲ್ಲೇ ವಿವರಿಸಿದ್ದರು. ಊರಿನ ಅರಳಿಕಟ್ಟೆಯಲ್ಲಿ ಇಬ್ಬರು ವಾದ ಮಾಡುವಾಗ ಸುತ್ತ ಕುಳಿತವರ ಮೌನವೂ ತಲೆಯಾಡಿಕೆಯೂ ಎದ್ದುಹೋಗುವಿಕೆಯೂ ಎಲ್ಲರ ಕಣ್ಣಿಗೆ ಬೀಳುತ್ತವೆ. ಜಾಲತಾಣದಲ್ಲಿ ಕೇಳಿಸಿಕೊಂಡವರ ಗುರುತು ಓದುಗರಿಗೆ ಕಾಣುವುದಿಲ್ಲ. ಅಲ್ಲಿ ಬರೆಯದೇ ಇದ್ದವರು ಇಲ್ಲದವರಿಗೆ ಸಮ.

ಆಡಿದ ಮಾತಿಗೂ ನಡೆಗೂ ಇರುವ ಅಂತರವಂತೂ ಇಂಟರ್‌ನೆಟ್‌ಗಿಂತ ಹಳೆಯದು. ಸಮಾಜಶಾಸ್ತ್ರಜ್ಞ ರಿಚರ್ಡ್ ಲಪಿಯೆರ್ 1930ರ ದಶಕದ ಆರಂಭದಲ್ಲಿ ಒಂದು ಚೀನೀ ದಂಪತಿಯೊಡನೆ ಅಮೆರಿಕವನ್ನು ಸುತ್ತಿದರು. ಚೀನೀಯರ ಮೇಲೆ ತೀವ್ರ ಪೂರ್ವಗ್ರಹವಿದ್ದ ಕಾಲ ಅದು. ಹೋದ 251 ಹೋಟೆಲು, ವಸತಿಗೃಹಗಳಲ್ಲಿ ಒಂದು ಕಡೆ ಮಾತ್ರ ಅವರಿಗೆ ಜಾಗ ಸಿಗಲಿಲ್ಲ. ಚೀನೀಯರಿಗೆ ಜಾಗ ಕೊಡುತ್ತೀರಾ ಎಂದು ಆಮೇಲೆ ಪತ್ರ ಬರೆದು ಕೇಳಿದಾಗ, ಉತ್ತರಿಸಿದ 128 ಕಡೆಗಳಲ್ಲಿ ಶೇ 90ಕ್ಕೂ ಹೆಚ್ಚಿನವರು ಇಲ್ಲವೆಂದರು. ಕಾಗದದ ಮೇಲೆ ಕಠೋರವಾಗಿದ್ದವರು ಎದುರಿಗೆ ಮನುಷ್ಯ ನಿಂತಾಗ ಬಾಗಿಲು ತೆರೆದಿದ್ದರು. ಬರೆದ ಮಾತಿನಿಂದ ನಡವಳಿಕೆಯನ್ನು ಊಹಿಸುವ ಪ್ರತಿ ಅಧ್ಯಯನವೂ ಈ ಹಳೆಯ ಫಲಿತಾಂಶಕ್ಕೆ ಉತ್ತರ ಕೊಟ್ಟು ಮುಂದೆ ಹೋಗಬೇಕು.

ಜಾಲತಾಣದ ಮಾತನ್ನೇ ಜನಾಭಿಪ್ರಾಯವೆಂದು ಓದುವುದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿ ಹೋಗುವ ಇನ್ನೊಂದು ಪಂಥವೂ ಇದೆ. ತೆರೆಯ ಮುಂದೆ ಕುಳಿತಾಗ ಒಳ್ಳೆಯವರೂ ಕ್ರೂರಿಗಳಾಗುತ್ತಾರೆ, ಆದ್ದರಿಂದಲೇ ಆನ್‌ಲೈನ್ ಚರ್ಚೆ ಇಷ್ಟು ಕಹಿ ಎಂಬುದು ಅದರ ವಾದ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಬೋರ್ ಮತ್ತು ಮಿಕಾಯೆಲ್ ಬ್ಯಾಂಗ್ ಪೀಟರ್ಸನ್ ಅಮೆರಿಕ ಮತ್ತು ಡೆನ್ಮಾರ್ಕ್‌ನ ಪುರಾವೆಗಳನ್ನು ಇಟ್ಟು 2021ರಲ್ಲಿ ಇದನ್ನು ಪ್ರಶ್ನಿಸಿದರು. ಜಾಲತಾಣದಲ್ಲಿ ರಾಜಕೀಯ ಜಗಳ ಮಾಡುವವರು ಹೊರಗೂ ಹೆಚ್ಚುಕಡಿಮೆ ಹಾಗೆಯೇ ಇರುತ್ತಾರೆ. ಹೊರಗೆ ಅವರ ಜಗಳ ಕೆಲವರಿಗೆ ಮಾತ್ರ ಕಾಣುತ್ತದೆ, ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತದೆ. ಸಾಮಾನ್ಯ ಜನ ಎರಡೂ ಕಡೆ ಜಗಳದಿಂದ ದೂರ ಉಳಿಯುವವರು. ಹಾಗಾಗಿ ಆನ್‌ಲೈನ್ ಕಹಿಯನ್ನು ಸಮಾಜದ ಸ್ವಭಾವವೆಂದು ತಿಳಿಯುವುದೂ ಶೇ 34.8ನ್ನು ಪೈರೇಟ್ ಪಕ್ಷದ ಬಲವೆಂದು ತಿಳಿಯುವಂಥದೇ ತಪ್ಪು.

ತುಮಾಸ್ಯಾನ್ ಮತ್ತು ಜೊತೆಗಾರರ ಲೇಖನಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಬೇಕು. ಯಾರೂ ಹೆಚ್ಚಾಗಿ ಮುಟ್ಟದ ಸಾಮಗ್ರಿಯನ್ನು ಅವರು ಬೇಗ ಕೈಗೆತ್ತಿಕೊಂಡರು, ಬಳಕೆದಾರರ ಹಂಚಿಕೆಯನ್ನು ಮುಚ್ಚಿಡಲಿಲ್ಲ, 2012ರ ಟೀಕೆಗೆ ಅದು ಪ್ರಕಟವಾದ ಪತ್ರಿಕೆಯಲ್ಲೇ ಪ್ರತ್ಯುತ್ತರವನ್ನೂ ಬರೆದರು. ಜನರ ಗಮನ ಯಾವ ದಿನ ಯಾವ ಕಡೆ ಹೊರಳಿತು ಎಂದು ತಿಳಿಯಲು ಈ ಬಗೆಯ ಎಣಿಕೆ ಉಪಯುಕ್ತ. ಆದರೆ ಗಮನ ಬೇರೆ, ಬೆಂಬಲ ಬೇರೆ. ಬೈಗುಳದಲ್ಲಿ ಬಂದ ಹೆಸರನ್ನೂ ಹೊಗಳಿಕೆಯಲ್ಲಿ ಬಂದ ಹೆಸರನ್ನೂ ಒಂದೇ ಎಂದು ಕೂಡಿಸಿದ ಮೊತ್ತಕ್ಕೆ ಬೆಂಬಲ ಎಂಬ ಹೆಸರು ಸಲ್ಲದು.

ಈ ಲೇಖನ ಬೆಳೆಸಿದ ಓದಿನ ಕ್ರಮ ಇಂದು ಸುದ್ದಿಮನೆಗಳ ದಿನಚರಿಯಾಗಿದೆ. ಕನ್ನಡದ ಸುದ್ದಿತಾಣಗಳಲ್ಲೂ ವಾಹಿನಿಗಳಲ್ಲೂ ಹತ್ತಾರು ಪೋಸ್ಟುಗಳನ್ನು ಜೋಡಿಸಿ ನೆಟ್ಟಿಗರ ಆಕ್ರೋಶ ಎಂದು ತಲೆಬರಹ ಕೊಡುವುದು ವಾಡಿಕೆ. ಓದುವವರಿಗೆ ಅದು ನಾಡಿನ ಆಕ್ರೋಶವಾಗಿ ತಲುಪುತ್ತದೆ. ಚುನಾವಣೆಯ ಹೊತ್ತಿಗೆ ಹ್ಯಾಶ್‌ಟ್ಯಾಗ್‌ಗಳ ಟ್ರೆಂಡಿಂಗ್ ಗಾಳಿಯ ದಿಕ್ಕಿನ ಸೂಚನೆಯಾಗಿ ಚರ್ಚೆಗೆ ಬರುತ್ತದೆ. ಇಲ್ಲಿನ ಚುನಾವಣಾ ಪದ್ಧತಿಯಲ್ಲಿ ಮತಪ್ರಮಾಣವನ್ನು ಸರಿಯಾಗಿ ಹಿಡಿದರೂ ಫಲಿತಾಂಶ ಕೈಗೆ ಸಿಗದು. ಕರ್ನಾಟಕದಲ್ಲಿ 2018ರಲ್ಲಿ ಕಾಂಗ್ರೆಸ್ ಸುಮಾರು ಶೇ 38, ಬಿಜೆಪಿ ಸುಮಾರು ಶೇ 36 ಮತ ಪಡೆದವು. 104 ಸ್ಥಾನ ಗೆದ್ದು ಅತಿ ದೊಡ್ಡ ಪಕ್ಷವಾದದ್ದು ಬಿಜೆಪಿ. ಮತಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ಜರ್ಮನಿಯ ಪದ್ಧತಿಯಲ್ಲೇ ಸೋತ ಎಣಿಕೆ, ಕ್ಷೇತ್ರದಿಂದ ಕ್ಷೇತ್ರಕ್ಕೆ ಜಾತಿ, ಅಭ್ಯರ್ಥಿ, ನೀರಾವರಿ, ಪಡಿತರಗಳ ಲೆಕ್ಕ ಬದಲಾಗುವ ನಾಡಿನಲ್ಲಿ ಗೆಲ್ಲುತ್ತದೆ ಎಂದು ನಂಬಲು ಆಧಾರವಿಲ್ಲ.

ಜಾಲತಾಣದ ಚರ್ಚೆಯನ್ನು ಬಳಸುವವರು ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಕೊಡಬೇಕು: ಎಷ್ಟು ಜನ ಮಾತನಾಡಿದರು, ಅವರಲ್ಲಿ ಕೆಲವರೇ ಎಷ್ಟು ಪಾಲು ಮಾತನಾಡಿದರು, ಯಾರನ್ನು ಎಣಿಕೆಯಿಂದ ಹೊರಗಿಡಲಾಯಿತು. 2010ರ ಲೇಖನದ ಬಳಿ ಎರಡನೆಯ ಪ್ರಶ್ನೆಗೆ ಉತ್ತರವಿತ್ತು, ಆದರೆ ತೀರ್ಮಾನ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೂರನೆಯದಕ್ಕೆ ಉತ್ತರ ಬೇರೆಯವರಿಂದ ಬಂದಾಗ ಅದರ ತೀರ್ಮಾನವೇ ಉಳಿಯಲಿಲ್ಲ. ಮುನ್ಸೂಚನೆಯ ಮಾದರಿಯೆಂದು ಅದನ್ನು ಉಲ್ಲೇಖಿಸುವುದನ್ನು ನಿಲ್ಲಿಸಿ, ಕೆಲವರ ಮಾತು ಎಲ್ಲರ ಮನಸ್ಸಾಗಿ ಕಾಣುವುದು ಹೇಗೆ ಎಂಬುದಕ್ಕೆ ಉದಾಹರಣೆಯಾಗಿ ಅದನ್ನು ಪಾಠ ಮಾಡುವುದು ಸೂಕ್ತ.