ಮೂರನೇ ಭಜಿ ವಾಚಿನದು

ಚಿಕ್ಕೋಡಿಯಲ್ಲಿ ಬೆಳಿಗ್ಗೆ ವಾಕಿಂಗಿಗೆ ಹೋಗೋ ಮಂದಿ ಹೆಚ್ಚಾಗಿದ್ದಾರೆ. ನಿಪ್ಪಾಣಿ, ಅಥಣಿಯಲ್ಲೂ ಹೀಗೇ ಅಂತ ಅಲ್ಲಿಯ ಗೆಳೆಯರು ಹೇಳ್ತಾರೆ. ಕಾಗವಾಡದಂಥ ಸಣ್ಣ ಊರಲ್ಲೂ ಕೈಗೆ ವಾಚು ಕಟ್ಟಿಕೊಂಡು ಹೆಜ್ಜೆ ಎಣಿಸೋರು ಸಿಗ್ತಾರೆ. ಸಂತೋಷದ ವಿಷಯ. ಆದರೆ ವಾಕಿಂಗ್ ಮುಗಿಸಿ ಚಹಾದಂಗಡಿ ಮುಂದೆ ನಿಂತಾಗ ಒಂದು ವಾದ ಏಳ್ತದೆ. ಒಬ್ಬರು ವಾಚು ತೋರಿಸಿ, "330 ಕ್ಯಾಲರಿ ಸುಟ್ಟೇನ್ರಿ, ಈಗ ಭಜಿ ತಿಂದ್ರ ಏನಾತು?" ಅಂತಾರೆ. ಇನ್ನೊಬ್ಬರು, "ತಿನ್ನೂದಾದ್ರ ನಡದದ್ದಾದ್ರೂ ಯಾಕ?" ಅಂತಾರೆ. ಎರಡೂ ಸರಿ ಅನಿಸೋ ಮಾತು. ನಾನು ಇವತ್ತು ವಿಮರ್ಶೆಗೆ ತಗೊಂಡಿರೋದು ಆ 330 ಅನ್ನೋ ಸಂಖ್ಯೆಯನ್ನ. ಪುಸ್ತಕ, ನಾಟಕ, ಸಿನಿಮಾ ಎಲ್ಲವನ್ನೂ ವಿಮರ್ಶೆ ಮಾಡ್ತೇವೆ. ದಿನಕ್ಕೆ ಹತ್ತು ಸಲ ಓದಿ, ಓದಿದ್ದನ್ನೆಲ್ಲ ನಂಬೋ ಈ ಸಣ್ಣ ಬರಹವನ್ನ ಮಾತ್ರ ಯಾರೂ ಮುಟ್ಟೋದಿಲ್ಲ.

ಮೊದಲು ನ್ಯಾಯವಾದ ಮಾತು. ಮೈಫಿಟ್‌ನೆಸ್‌ಪಾಲ್‌ನಂಥ ಆ್ಯಪ್‌ಗಳ ಲೆಕ್ಕ ತರ್ಕಕ್ಕೆ ತಪ್ಪಿದ್ದಲ್ಲ. ನಿಮ್ಮ ದಿನದ ಖರ್ಚು 2100 ಅಂತಿಟ್ಟುಕೊಳ್ಳಿ. ತೂಕ ಇಳೀಬೇಕು ಅಂತ ಅದರಲ್ಲಿ 500 ಕಳೆದು, 1600 ತಿನ್ನಿ ಅಂತ ಆ್ಯಪ್ ಹೇಳುತ್ತದೆ. ಆ 500ರ ಕೊರತೆ ವ್ಯಾಯಾಮಕ್ಕೆ ಮೊದಲೇ ಹಾಕಿದ್ದು. ಹೀಗಾಗಿ ನೀವು ಹೆಚ್ಚಿಗೆ ನಡೆದರೆ ಅದನ್ನ ಕೂಡಿಸಿ, ಇಷ್ಟು ಜಾಸ್ತಿ ತಿನ್ನಬಹುದು ಅನ್ನುತ್ತದೆ. ನಡೆದದ್ದು ನಿಜವಾಗಿ ಅಷ್ಟೇ ಆಗಿದ್ದರೆ ಕೊರತೆ 500ಕ್ಕೇ ನಿಲ್ಲುತ್ತದೆ, ತೂಕವೂ ಇಳೀತದೆ. ಕಾಗದದ ಮೇಲೆ ಒಂದು ಪೈಸೆ ಹೆಚ್ಚುಕಡಿಮೆ ಇಲ್ಲ.

ಜಮಾ ಕಡೆ ಬರೆದ ಅಂಕಿ ಎಲ್ಲಿಂದ ಬಂತು ಅನ್ನೋದೇ ತಕರಾರು. 75 ಕಿಲೋ ತೂಕದ ಮನುಷ್ಯ ತಾಸಿಗೆ 5 ಕಿಲೋಮೀಟರ್ ವೇಗದಲ್ಲಿ ಒಂದು ತಾಸು ನಡೆದರೆ ಸುಮಾರು 260 ಕ್ಯಾಲರಿ. ಆದರೆ ಅದೇ ತಾಸು ಮನೆಯ ಕಟ್ಟೆ ಮೇಲೆ ಪೇಪರ್ ಓದ್ತಾ ಕೂತಿದ್ದರೂ ದೇಹ 75ರಷ್ಟು ಖರ್ಚು ಮಾಡ್ತಿತ್ತು. ಆ 75 ಮೊದಲೇ ದಿನದ 2100ರೊಳಗೆ ಸೇರಿಹೋಗಿದೆ. ಅಂದರೆ ನಡೆದದ್ದರಿಂದ ಹೊಸದಾಗಿ ಸುಟ್ಟಿದ್ದು 185ರ ಆಸುಪಾಸು. ಇನ್ನು ವಾಚಿನ ವಿಷಯ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರ ಕೈಗೆ ಏಳು ನಮೂನೆಯ ವಾಚು, ಪಟ್ಟಿ ಕಟ್ಟಿ ಪರೀಕ್ಷೆ ಮಾಡಿದರು. ಎದೆಬಡಿತವನ್ನ ಏಳರಲ್ಲಿ ಆರು ಚೆನ್ನಾಗೇ ಎಣಿಸಿದವು. ಕ್ಯಾಲರಿಗೆ ಬಂದಾಗ ಎಲ್ಲಕ್ಕಿಂತ ಶಾಣ್ಯಾ ವಾಚೇ ಸರಾಸರಿ ನೂರಕ್ಕೆ 27ರಷ್ಟು ತಪ್ಪಿತು. ದಡ್ಡ ವಾಚು 93ರಷ್ಟು. ಆ 27 ಮೇಲ್ಮುಖವಾಗಿ ತಪ್ಪಿದರೆ ನಮ್ಮ 260 ಹೋಗಿ 330 ಆಯಿತು.

ಈಗ ಭಜಿ ಅಂಗಡಿಗೆ ಬರೋಣ. ಒಂದು ಮಿರ್ಚಿ ಭಜಿಗೆ 20 ಗ್ರಾಂ ಕಡ್ಲಿ ಹಿಟ್ಟು, ಹೀರಿಕೊಂಡ ಎಣ್ಣೆ 5 ಗ್ರಾಂ ಅಂತ ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ 120 ಕ್ಯಾಲರಿ. (ನಮ್ಮ ಕಡೆ ಭಜಿಯ ಗಾತ್ರ ನೋಡಿದವರು ಇಲ್ಲಿ ನಗಬಹುದು.) ವಾಚಿನ ಲೆಕ್ಕದಂತೆ ಹತ್ತಿರ ಹತ್ತಿರ ಮೂರು ತಿನ್ನಬಹುದು. ದೇಹದ ಲೆಕ್ಕದಲ್ಲಿ ಒಂದೂವರೆ ಮಾತ್ರ. ಎರಡನೇದರ ಅರ್ಧ ಕೂತಲ್ಲೇ ಹೇಗೂ ಸುಡೋದಿತ್ತು; ಮೂರನೇದು ಪೂರ್ತಿ ವಾಚಿನದು. ದಿನಾ ಹೀಗೆ 330 ತಿನ್ನುತ್ತ ಹೋದರೆ, 500ರ ಕೊರತೆಯಲ್ಲಿ 145ರಷ್ಟು ಸೋರಿಹೋಗುತ್ತದೆ. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲರಿ ಅಂತ ಹಿಡಿದರೆ, ತಿಂಗಳಿಗೆ ಎರಡು ಕಿಲೋ ಇಳೀಬೇಕಾದಲ್ಲಿ ಒಂದೂ ಕಾಲು, ಒಂದೂವರೆ. ಇದು ಮೂರು ಭಜಿ ತಿಂದು ಕೈ ತೊಳೆದುಕೊಳ್ಳೋ ಶಿಸ್ತಿನ ಮನುಷ್ಯರ ಲೆಕ್ಕ. ಇಷ್ಟರ ಮೇಲೆ ಆ್ಯಪಿನ ಸೆಟಿಂಗಿನಲ್ಲಿ 'ಚಟುವಟಿಕೆ ಹೆಚ್ಚು' ಅಂತ ಒತ್ತಿದವರು ಅದೇ ವಾಕಿಂಗನ್ನ ಎರಡು ಸಲ ಜಮಾ ಮಾಡಿಕೊಂಡಿರ್ತಾರೆ.

ದೇಹವೂ ಸುಮ್ಮನೆ ಕೂಡೋದಲ್ಲ. ತಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು ಬದುಕೋ ಹಾಡ್ಜಾ ಜನರ ದಿನದ ಖರ್ಚನ್ನ ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು ಅಳೆದು 2012ರಲ್ಲಿ ಪ್ರಕಟಿಸಿದರು. ದಿನವೆಲ್ಲ ಅಡ್ಡಾಡೋ ಈ ಜನರ ಖರ್ಚು, ಮೈತೂಕದ ವ್ಯತ್ಯಾಸ ತೆಗೆದು ನೋಡಿದರೆ, ಕಾರಿನಲ್ಲಿ ತಿರುಗೋ ಅಮೆರಿಕದವರಷ್ಟೇ ಇತ್ತು. ಹೆಚ್ಚು ದುಡಿಸಿಕೊಂಡ ದೇಹ ಬೇರೆ ಕಡೆ ಎಲ್ಲೋ ಕೈ ಬಿಗಿಹಿಡಿಯುತ್ತದೆ ಅನ್ನೋದು ಅವರ ವಾದ. ಆದರೆ ನಮ್ಮ ಐಸಿಎಂಆರ್ 2020ರ ಪಟ್ಟಿಯಲ್ಲಿ ಕೂತು ಕೆಲಸ ಮಾಡೋ ಗಂಡಸಿಗೆ 2110, ಮಧ್ಯಮ ದುಡಿಮೆಗೆ 2710, ಭಾರಿ ದುಡಿಮೆಗೆ 3470 ಅಂತಿದೆ. ಇವೆರಡೂ ಒಂದಕ್ಕೊಂದು ಪೂರ್ತಿ ಹೊಂದೋದಿಲ್ಲ. ನನಗನಿಸೋದು, ಒಂದು ತಾಸು ವಾಕಿಂಗ್ ಮಾಡೋರು ಪಾಂಟ್ಸರನ ಮಾತಿಗೆ ಕಿವಿ ಕೊಡಬೇಕು. ಎಂಟು ತಾಸು ಕಬ್ಬು ಕಡಿಯೋರಿಗೆ ಆ ಮಾತು ಹೇಳೋಕೆ ಹೋಗಬಾರದು.

'ದುಡಿದ್ರ ತಿನ್ನಬೇಕು' ಅನ್ನೋ ನಂಬಿಕೆ ನಮ್ಮ ಭಾಗಕ್ಕೆ ಆ್ಯಪಿನಿಂದ ಬಂದದ್ದಲ್ಲ, ತಾಲೀಮಿನಿಂದ ಬಂದದ್ದು. ಕೊಲ್ಲಾಪುರ ಇಲ್ಲೇ ಮಗ್ಗಲಿಗೆ. ಶಾಹೂ ಮಹಾರಾಜರ ಕಾಲದಲ್ಲಿ, 1912ರಲ್ಲಿ, ಅಲ್ಲಿ ಖಾಸಬಾಗ ಕುಸ್ತಿ ಮೈದಾನ ಎದ್ದಿತು. ಆ ಗಾಳಿ ಗಡಿಯ ಈಚೆ ನಮ್ಮ ಹಳ್ಳಿಗಳಿಗೂ ಬೀಸಿತು. ಬೈಠಕ್ ಹೊಡೆದರೆ ಖುರಾಕು ಬೇಕೇ ಬೇಕು: ಹಾಲು, ತುಪ್ಪ, ಬದಾಮಿ. ಪೈಲ್ವಾನರಿಗೆ ಅದು ಸರಿಯಾದ ಶಾಸ್ತ್ರ, ಯಾಕಂದರೆ ಅವರಿಗೆ ಬೇಕಾಗಿದ್ದು ಮೈ ಬೆಳೆಸೋದು. ನಾವು ಮೈ ಇಳಿಸೋಕೆ ಹೊರಟು ಮೈ ಬೆಳೆಸೋ ಶಾಸ್ತ್ರ ಹಿಡಿದಿದ್ದೇವೆ. ಅಖಾಡ ಬಿಟ್ಟ ಮೇಲೂ ಖುರಾಕು ಬಿಡದ ಹಳೇ ಪೈಲ್ವಾನರ ಹೊಟ್ಟೆಯನ್ನ ಈ ಭಾಗದಲ್ಲಿ ನೋಡದವರು ಯಾರಿದ್ದಾರೆ? ಗಡಿಯ ಮರಾಠಿಯಲ್ಲಿ ಉಪವಾಸದ ಬಗ್ಗೆ ಒಂದು ಚೇಷ್ಟೆಯ ಮಾತಿದೆ: ಏಕಾದಶಿ, ದುಪ್ಪಟ್ ಖಾಶಿ. ಏಕಾದಶಿ ಅಂತ ಹೇಳಿ ಸಾಬೂದಾನಿ ಖಿಚಡಿ, ಶೇಂಗಾ ಉಂಡಿ ಸೇರಿ ಇಮ್ಮಡಿ ತಿನ್ನೋದು. ವಾಕಿಂಗಿನ ಭಜಿಯೂ ಅದೇ ಜಾತಿಯದು. ಪುಣ್ಯ ಮಾಡಿದ್ದೇವೆ ಅಂತ ಮನಸ್ಸಿಗೆ ಖಾತ್ರಿಯಾದರೆ ಬಾಯಿಗೆ ಪರವಾನಗಿ ಸಿಕ್ಕಂತೆ.

ಇಲ್ಲಿಗೆ ನಿಲ್ಲಿಸಿದ್ದರೆ 'ಸುಟ್ಟದ್ದನ್ನ ತಿನ್ನಬ್ಯಾಡ್ರಿ' ಅಂತ ಹೇಳಿ ಮುಗಿಸಬಹುದಿತ್ತು. ಆದರೆ ನನಗೆ ಈ ಆ್ಯಪ್‌ಗಳ ಮೇಲೆ ದೊಡ್ಡ ಸಿಟ್ಟು ಬೇರೆಯೇ ಇದೆ. ನಮ್ಮಕ್ಕನನ್ನ ರಾಯಬಾಗ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ಎರಡು ಎಮ್ಮೆ, ಮೂರು ಎಕರೆ ಕಬ್ಬು. ಮಗಳು ಫೋನಿಗೆ ಒಂದು ಆ್ಯಪು ಹಾಕಿಕೊಟ್ಟಳು. ಅದು ವ್ಯಾಯಾಮ ಮಾಡ್ತೀರಾ ಅಂತ ಕೇಳಿತು. ಅಕ್ಕ ಇಲ್ಲ ಅಂದಳು. ಹಾಗಾದರೆ ದಿನಕ್ಕೆ 1200 ಅಂತ ಬರೆದುಕೊಟ್ಟಿತು. ಆಕೆ ಒಂದೂವರೆ ತಿಂಗಳು ಅದನ್ನ ಗುರುವಾಕ್ಯದಂತೆ ಪಾಲಿಸಿದಳು. ಮುಂಜಾನೆ ಮೇವು ಕೊಯ್ದು, ಹೊರೆ ಹೊತ್ತು, ಹಾಲು ಹಿಂಡಿ, ಕಬ್ಬಿನ ಕಳೆ ತೆಗೆದು, ರಾತ್ರಿ ಒಂದು ರೊಟ್ಟಿ. ಒಂದು ದಿನ ಡೇರಿ ಮುಂದೆ ಕ್ಯಾನ್ ಹಿಡಿದುಕೊಂಡೇ ಕಣ್ಣು ಕತ್ತಲಾಗಿ ಕೂತುಬಿಟ್ಟಳು. ನಾನು ಫೋನು ತೆಗೆದು ನೋಡುವಾಗ ಆಕೆ ಕೇಳಿದ್ದು ಒಂದೇ ಮಾತು: "ತಮ್ಮಾ, ಇದಕ್ಕ ನನ್ನ ಎಮ್ಮಿ ಕಾಣೂದಿಲ್ಲೇನ?"

ಕಾಣೋದಿಲ್ಲ. ಬೂಟು ಹಾಕಿಕೊಂಡು ನಡೆದರೆ ಮಾತ್ರ ಅದಕ್ಕೆ ವ್ಯಾಯಾಮ. ಐಸಿಎಂಆರ್ ಪಟ್ಟಿಯಲ್ಲಿ ಕೂತು ಕೆಲಸ ಮಾಡೋ ಹೆಂಗಸಿಗೆ 1660, ಮಧ್ಯಮ ದುಡಿಮೆಯವಳಿಗೆ 2130. ನಡುವಿನ ವ್ಯತ್ಯಾಸ 470. ಒಂದು ಜೋಳದ ರೊಟ್ಟಿಗೆ 60 ಗ್ರಾಂ ಹಿಟ್ಟು ಅಂದರೆ 200 ಕ್ಯಾಲರಿ. ಅಂದರೆ ಫೋನು ಆಕೆಯ ತಾಟಿನಿಂದ ದಿನಾ ಎರಡು ರೊಟ್ಟಿ, ಮೇಲಷ್ಟು ಪಲ್ಯ ಎತ್ತಿಟ್ಟಿತ್ತು. ಪೇಟೆಯ ವಾಕಿಂಗಿನವರಿಗೆ ಸುಡದ ಕ್ಯಾಲರಿ ಕೊಡೋ ಯಂತ್ರ, ಹಳ್ಳಿಯ ಹೆಂಗಸು ಸುಟ್ಟ ಕ್ಯಾಲರಿಯನ್ನ ಲೆಕ್ಕಕ್ಕೇ ಹಿಡಿಯೋದಿಲ್ಲ. ಆಕೆ ಸುಟ್ಟದ್ದನ್ನ ತಿನ್ನಲೇಬೇಕು, ಇಡಿಯಾಗಿ ತಿನ್ನಬೇಕು.

ಹಾಗಂತ ದಣಿವನ್ನೇ ಕ್ಯಾಲರಿ ಅಂತ ತಿಳಿಯೋದೂ ಸಲ್ಲ. ನಿಪ್ಪಾಣಿಯಲ್ಲಿ ಬೀಡಿ ಕಟ್ಟೋ ಹೆಣ್ಣುಮಕ್ಕಳು ಸಂಜೆ ಹೊತ್ತಿಗೆ ಸೊಂಟ, ಕುತ್ತಿಗೆ, ಬೆರಳು ನೋವಿನಿಂದ ಹಣ್ಣಾಗಿರ್ತಾರೆ. ಆದರೆ ಅದು ಕೂತು ಮಾಡೋ ಕೆಲಸ, ಕ್ಯಾಲರಿಯ ಖರ್ಚು ಕಡಿಮೆ. ಬೀಡ್ ಜಿಲ್ಲೆಯಿಂದ ನಮ್ಮ ಕಾರ್ಖಾನೆಗಳಿಗೆ ಕಬ್ಬು ಕಡಿಯೋಕೆ ಬರೋ ಗ್ಯಾಂಗಿನವರದು ಅದಕ್ಕೆ ಪೂರಾ ಉಲ್ಟಾ. ಇಬ್ಬರೂ 'ದಣಿದೇವಿ' ಅಂತಲೇ ಹೇಳ್ತಾರೆ. ಒಂದೇ ಶಬ್ದ, ಎರಡು ಬೇರೆ ಊಟ.

ಹಾಗಾದರೆ ಆಫೀಸು, ಅಂಗಡಿ, ಶಾಲೆಯಲ್ಲಿ ಕೂತು ಕೆಲಸ ಮಾಡ್ತಾ ಒಂದು ತಾಸು ನಡೆಯೋ ನಾವು ಏನು ಮಾಡೋದು? ನನ್ನ ತೀರ್ಪು: ವಾಕಿಂಗಿಗೆ ಅಂತ ಪ್ರತ್ಯೇಕ ಏನೂ ತಿನ್ನಬೇಡಿ. ಹಸಿವು ತಡೆಯಲಾರದಷ್ಟಾದರೆ ವಾಚು ತೋರಿಸಿದ್ದರ ಅರ್ಧ, ಅದೂ ಮೊಳಕೆ ಕಾಳಿನ ಉಸಳಿಯಂಥದ್ದು. ಮೂರು ವಾರ ಹೀಗೆ ಮಾಡಿ ತೂಕ ನೋಡಿ. ವಾರಕ್ಕೆ ಒಂದು ಕಿಲೋಕ್ಕಿಂತ ಹೆಚ್ಚು ಇಳೀತಿದ್ದರೆ, ತಲೆ ತಿರುಗ್ತಿದ್ದರೆ ತಿನ್ನೋದು ಕಡಿಮೆಯಾಗಿದೆ ಅಂತ ಅರ್ಥ. ಏನೂ ಇಳೀತಿಲ್ಲ ಅಂದರೆ ಭಜಿ ಎಲ್ಲೋ ನುಸುಳಿದೆ. ಹತ್ತು ಹದಿನೈದು ಕಿಲೋಮೀಟರ್ ಓಡೋ ಹುಡುಗರಿಗೆ ಈ ಮಾತು ಅನ್ವಯಿಸೋದಿಲ್ಲ, ಅವರು ತಿನ್ನಬೇಕು.

ಒಂದು ವರ್ಗದವರು ಮಾತ್ರ ನನ್ನ ತೀರ್ಪನ್ನೂ ವಾಚನ್ನೂ ಎರಡನ್ನೂ ಪಕ್ಕಕ್ಕಿಡಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳೋರು, ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗೋರು. ವ್ಯಾಯಾಮದಿಂದ ಇವರ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳೀಬಹುದು. ಬೆವರು, ನಡುಕ, ಕಣ್ಣು ಮಂಜು. ಯಾವಾಗ ತಿನ್ನಬೇಕು, ಗುಳಿಗೆ ಎಷ್ಟು ಅಂತ ಡಾಕ್ಟರನ್ನ ಕೇಳಿಯೇ ಬೂಟು ಹಾಕಬೇಕು. ಸಕ್ಕರೆಯದೋ ಬೆಲ್ಲದ್ದೋ ಒಂದು ಪುಡಿಕೆ ಕಿಸೆಯಲ್ಲಿರಲಿ.

ಅಕ್ಕನ ಫೋನಿನಲ್ಲಿ ಆ್ಯಪು ಇನ್ನೂ ಇದೆ. ಮಗಳು ಸೆಟಿಂಗ್ ಬದಲಿಸಿ 1650ಕ್ಕೆ ತಂದಿದ್ದಾಳೆ. ಅಕ್ಕ ಅದನ್ನ ತೆರೆಯೋದು ಬಿಟ್ಟಿದ್ದಾಳೆ. ಎರಡು ರೊಟ್ಟಿ ವಾಪಸ್ ಬಂದಿವೆ, ಚಹಾದ ಸಕ್ಕರೆ ಹೋಗಿದೆ. ರವಿವಾರಕ್ಕೊಮ್ಮೆ ಹಿಂಡಿ ಅಂಗಡಿಯ ಕಾಟಾದ ಮೇಲೆ ನಿಂತು ತೂಕ ನೋಡಿಕೊಳ್ತಾಳೆ. ನಾಲ್ಕು ತಿಂಗಳಲ್ಲಿ ಮೂರೂವರೆ ಕಿಲೋ ಇಳಿದಿದೆ.