ಸಾಮಾನ್ಯನಿಗೊಂದು ಕಹಳೆ

ಕಹಳೆ ಭೇರಿಗಳು ಅರಸರ ಆಗಮನವನ್ನೂ ಸೇನೆಯ ವಿಜಯವನ್ನೂ ಸಾರುವ ವಾದ್ಯಗಳೆಂಬುದು ಬಹುಕಾಲದ ಸಂಪ್ರದಾಯ. ಇಂಥ ಘೋಷಕ್ಕಾಗಿ ರಚಿಸಿದ ಕಿರುಕೃತಿಯನ್ನು ಪಾಶ್ಚಾತ್ಯರು 'ಫ್ಯಾನ್‌ಫೇರ್' ಎನ್ನುವರು. ಈ ರಾಜಮರ್ಯಾದೆಯನ್ನು ಹೆಸರಿಲ್ಲದ ಪ್ರಜೆಗೆ ಸಲ್ಲಿಸಲು ಹೊರಟವನು ಅಮೆರಿಕದ ಏರನ್ ಕೋಪ್ಲೆಂಡ್ (1900–1990). 'ಫ್ಯಾನ್‌ಫೇರ್ ಫಾರ್ ದಿ ಕಾಮನ್ ಮ್ಯಾನ್' ಎಂಬ ಅವನ ಕೃತಿಯಲ್ಲಿ ಆ ಮರ್ಯಾದೆಯು ನಿಜವಾಗಿ ಸಂದಿದೆಯೇ ಎಂಬುದೇ ಇಲ್ಲಿಯ ವಿಚಾರ.

1942ರಲ್ಲಿ, ಮಹಾಯುದ್ಧದ ನಡುವೆ, ಸಿನ್ಸಿನಾಟಿ ನಗರದ ವಾದ್ಯವೃಂದದ ನಾಯಕನಾದ ಯೂಜೀನ್ ಗೂಸೆನ್ಸನು ಕಛೇರಿಗಳ ಆರಂಭಕ್ಕೆಂದು ಹಲವರಿಂದ 18 ಘೋಷಗಳನ್ನು ಬರೆಯಿಸಿದನು. ಕೆಲವರು ಸೇನೆಯ ಅಂಗಗಳನ್ನು ಹೊಗಳಿದರು. ಬರುವ ಶತಮಾನವು ಸಾಮಾನ್ಯ ಮನುಷ್ಯನದಾಗಬೇಕೆಂದು ಉಪಾಧ್ಯಕ್ಷ ಹೆನ್ರಿ ವ್ಯಾಲೇಸನು ಅದೇ ವರ್ಷ ಮಾಡಿದ್ದ ಭಾಷಣವು ಕೋಪ್ಲೆಂಡನಿಗೆ ಹೆಸರನ್ನು ಒದಗಿಸಿತು. ಕೃತಿಯನ್ನು 1943ರ ಮಾರ್ಚ್ 12ರಂದು ಮೊದಲು ನುಡಿಸಿದರು.

ಮೊದಲಿಗೆ ಭೇರಿ ಜಾಗಟೆಗಳ ಗಂಭೀರ ಆಘಾತ. ಬಳಿಕ ಮೌನವನ್ನು ಸೀಳಿ ಮೂರು ಟ್ರಂಪೆಟ್ಟುಗಳು ಏಕಕಂಠದಿಂದ ಮೇಲೇರುತ್ತವೆ. ಹಾರ್ನುಗಳು ಬಂದು ಕೂಡುತ್ತವೆ. ಅನಂತರ ಟ್ರೋಂಬೋನುಗಳೂ ಟ್ಯೂಬಾವೂ. ಸುಮಾರು ಮೂರು ನಿಮಿಷಗಳ ಈ ಕೃತಿಯಲ್ಲಿ ಅವಸರವಿಲ್ಲ, ಅಲಂಕಾರವಿಲ್ಲ. ಒಬ್ಬನ ದನಿಗೆ ಹಲವರ ದನಿ ಸೇರುವ ಈ ಕ್ರಮದಲ್ಲಿಯೇ ಅದರ ಅರ್ಥವಡಗಿದೆ.

ಆದರೂ ಒಂದು ಆಕ್ಷೇಪಣೆಗೆ ಎಡೆಯುಂಟು. ಸಾಮಾನ್ಯನನ್ನು ಗೌರವಿಸುವುದೆಂದರೆ ಅವನಿಗೆ ಅರಸನ ಉಡುಪನ್ನು ತೊಡಿಸುವುದೇ? ಅವನ ಸ್ವಂತ ಮಾತು ಈ ಕಂಚಿನ ಘೋಷದಲ್ಲಿ ಎಲ್ಲಿದೆ? ಇದಕ್ಕೆ ಉತ್ತರವು 1946ರಲ್ಲಿ ಮುಗಿದ ಅವನ ಮೂರನೆಯ ಸಿಂಫೊನಿಯಲ್ಲಿ ದೊರೆಯುತ್ತದೆಂದು ನಮ್ಮ ಮತ. ಅಲ್ಲಿ ಕಡೆಯ ಭಾಗದ ಆರಂಭದಲ್ಲಿ ಇದೇ ರಾಗವನ್ನು ಮೊದಲು ಕೊಳಲು ಕ್ಲಾರಿನೆಟ್ಟುಗಳು ಮೆಲ್ಲನೆ ನುಡಿಯುತ್ತವೆ. ಕಹಳೆಗಳ ಮೊಳಗು ಆಮೇಲಿನದು. ತನ್ನಷ್ಟಕ್ಕೆ ಆಡಿಕೊಂಡ ಮಾತೇ ಲೋಕಕ್ಕೆ ಕೇಳಿಸುವ ಘೋಷವಾದಂತೆ ತೋರುವುದು. ಮೊದಲ ಕೃತಿಯ ಕೊರತೆಯನ್ನು ಕರ್ತೃವೇ ತುಂಬಿಕೊಟ್ಟನು.

ವಲಸೆ ಬಂದ ಯೆಹೂದಿ ಮನೆತನದ ಅಂಗಡಿಕಾರನ ಮಗನಾದ ಕೋಪ್ಲೆಂಡನನ್ನು 1953ರಲ್ಲಿ ಸೆನೆಟ್ ಸಭೆಯ ಉಪಸಮಿತಿಯೊಂದು ಕರೆಯಿಸಿ, ಅವನ ರಾಜಕೀಯ ಸಂಬಂಧಗಳನ್ನು ಕುರಿತು ಪ್ರಶ್ನಿಸಿತು. ಅದೇ ವರ್ಷ ಅಧ್ಯಕ್ಷರ ಪದಗ್ರಹಣದ ಕಛೇರಿಯಿಂದ ಅವನ 'ಲಿಂಕನ್ ಪೋರ್ಟ್ರೇಟ್' ಕೃತಿಯನ್ನು ತೆಗೆದುಹಾಕಿದರು. ಸಾಮಾನ್ಯನನ್ನು ಹೊಗಳುವುದು ಸುಲಭ. ಅವನ ಪಕ್ಷವನ್ನು ವಹಿಸಿದವನನ್ನು ಸಹಿಸುವುದು ಕಷ್ಟ. ಇದನ್ನು ನೆನೆದು ಕೇಳುವ ರಸಿಕರಿಗೆ ಈ ಉತ್ಸವಘೋಷದ ಭೇರಿಯಲ್ಲಿ ಎಚ್ಚರಿಕೆಯ ನಾದವೂ ಕೇಳಿಸದಿರದು.